ಭಾವನ ಗಿಡಗಳೂ ನನ್ನ ಪ್ಲಾಸ್ಟಿಕ್ ಬೇಸಾಯವೂ

ನೀರಿನೊಳಗೆ ಬೆಳೆಯುವ ಗಿಡಕ್ಕೆ ನೀರು ಹಾಕುವ ಕೆಲಸವಿಲ್ಲ. ಕಳೆ ಕೀಳಬೇಕಾಗಿಲ್ಲ. ಆಡು ಬಂದು ಮೇಯುತ್ತದೆಂಬ ಭಯವಿಲ್ಲ. ಇದಕ್ಕಿಂತ ಸುಲಭವಾದ ಬೇಸಾಯ ಭೂಮಂಡಲದಲ್ಲಿ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. ಅದುವರೆಗೆ ನಾನು ಒಂದು ಗಿಡವನ್ನೂ ಬೆಳೆಸಿರಲಿಲ್ಲ!

ನಾನು ನಾಸಿಕದ ಸಾತಪುರದಲ್ಲಿ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವನು. ನಟ್ಟು, ಬೋಲ್ಟು, ಬೇರಿಂಗುಗಳ ನಡುವೆ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ನನ್ನ ಸುಪರ್ದಿಯಲ್ಲಿ ಒಂದು ಬೋಲ್ಟೂ ಬಾಡಿದ್ದಿಲ್ಲ. ಹುಮನಾಬಾದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ನಾವು. ನನ್ನ ಅಕ್ಕ ಮಹಾದೇವಿ ನನಗಿಂತ ಮೊದಲೇ ಮದುವೆಯಾಗಿ ಸಂಭಾಜಿನಗರಕ್ಕೆ ಬಂದಿದ್ದಳು. ಭಾವ ವಾಳೂಜಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿ ಇತ್ತು.

ತೊಟ್ಟಿಯಲ್ಲಿ ಆರು ಸಣ್ಣ ಮೀನುಗಳಿದ್ದವು. ಆದರೆ ಭಾವನ ಜೀವ ಇದ್ದದ್ದು ಗಿಡಗಳ ಮೇಲೆ. ಒಂದು ಮೂಲೆಯಲ್ಲಿ ಕಲ್ಲಿಗೆ ಕಪ್ಪು ದಾರದಿಂದ ಕಟ್ಟಿದ ಜರಿಗಿಡ. ನಡುವೆ ಅಲೆಯಂಚಿನ, ಕಂದು ಮಿಶ್ರಿತ ಹಸಿರಿನ ಮೂರು ಗಿಡಗಳು. ಅಂಗಡಿಯವರು ಅವನ್ನು ಕ್ರಿಪ್ಟ್ ಎನ್ನುತ್ತಾರೆಂದು ಭಾವ ಹೇಳಿದ್ದರು. ಪಾಳಿ ಮುಗಿಸಿ ಬಂದವರು ಚಹಾ ಕುಡಿಯುವ ಮೊದಲೇ ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸುತ್ತಿದ್ದರು. ಒಂದು ಹಣ್ಣೆಲೆ ಕತ್ತರಿಸುವುದು, ಸುಮ್ಮನೆ ನೋಡುವುದು. "ಬಾರೋ ಮಲ್ಲು, ಕಲ್ತುಕೋ" ಎಂದು ಎಷ್ಟು ಸಲ ಕರೆದಿದ್ದರೋ! ನಾನು ಸೋಫಾದ ಮೇಲೆ ಮೊಬೈಲಿನಲ್ಲಿ ಕ್ರಿಕೆಟ್ಟು ನೋಡುತ್ತ "ಆತ್ರಿ ಭಾವ, ಬಂದೆ" ಎನ್ನುತ್ತಿದ್ದೆ. ಹದಿನಾಲ್ಕು ವರ್ಷ ಬಂದೆ ಬಂದೆ ಎಂದೆ. ಹೋಗಲಿಲ್ಲ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ತೀರಿಕೊಂಡರು. ಬೆಳಗಿನ ಪಾಳಿಗೆ ಹೊರಟು ಬೂಟಿನ ದಾರ ಕಟ್ಟಲು ಕೂತವರು ಮತ್ತೆ ಏಳಲಿಲ್ಲ.

ತಿಂಗಳಾದ ಮೇಲೆ ಅಕ್ಕನನ್ನು ನೋಡಲು ಹೋದೆ. ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿತ್ತು. ಅಕ್ಕ ಅದರ ಕಡೆ ಬೆನ್ನು ಮಾಡಿ ಕೂತಿದ್ದಳು. ಬ್ಲೌಸು ಹೊಲಿಯುವವಳು, ಹೊಲಿಗೆ ಮೆಷಿನ್ನನ್ನೂ ಆಚೆ ತಿರುಗಿಸಿದ್ದಳು.

"ಅದರ ಹತ್ರ ಹೋದ್ರ ಅವರ ಕೈ ಕಂಡಂಗ ಆಗ್ತದೋ ಮಲ್ಲು. ನನ್ನ ಕಡಿಂದ ಆಗೂದಿಲ್ಲ. ಯಾರಿಗ್ಯಾರ ಕೊಟ್ಟುಬಿಡು."

"ಯಾರಿಗ್ಯಾಕ ಕೊಡ್ಲಿ? ನಾನೇ ಒಯ್ತೀನಿ" ಎಂದೆ.

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನಗ ಬರ್ತದೇನು?"

"ನೀರಾಗಿನ ಗಿಡ ಅಕ್ಕಾ! ಬರೂದೇನದ ಅದರಾಗ?"

ನನ್ನ ಮೊದಲ ಸೇವೆ ಆ ದಿನವೇ ಆರಂಭವಾಯಿತು. ತೊಟ್ಟಿಯ ತಳದಲ್ಲಿದ್ದ ಸಣ್ಣ ಹರಳುಗಳ ನಡುವೆ ಕಂದು ಬಣ್ಣದ ರಾಡಿ ಕೂತಿತ್ತು. ಎಂಥ ಕೊಳಕು! ಹರಳನ್ನೆಲ್ಲ ಬಕೆಟ್ಟಿಗೆ ಸುರಿದು, ನಲ್ಲಿಯ ಕೆಳಗೆ ಹಿಡಿದು, ಏಳು ನೀರಿನಲ್ಲಿ ತೊಳೆದೆ. ಮುತ್ತಿನ ಹಾಗೆ ಹೊಳೆದವು. ಅಕ್ಕ ಬಾಗಿಲಲ್ಲಿ ನಿಂತು, "ಅವರು ಇಷ್ಟು ತೊಳೀತಿದ್ದಿಲ್ಲಪಾ" ಎಂದಳು. "ಸ್ವಚ್ಛ ಇರಬೇಕಕ್ಕಾ" ಎಂದೆ. ಆ ರಾಡಿಯೇ ಗಿಡಗಳ ಊಟ ಎಂದು ತಿಳಿಯುವ ಹೊತ್ತಿಗೆ ಅದು ಸಂಭಾಜಿನಗರದ ಗಟಾರ ಸೇರಿ ಎರಡು ತಿಂಗಳಾಗಿತ್ತು!

ಮೀನುಗಳನ್ನು ಮುಚ್ಚಳದ ಡಬ್ಬಿಯಲ್ಲಿ, ಗಿಡಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಕಾರಿನಲ್ಲಿ ನಾಸಿಕಕ್ಕೆ ತಂದೆ. ಹೊರಡುವಾಗ ಅಕ್ಕ ಕಾರಿನ ಕಿಟಕಿ ಹಿಡಿದು, "ದಿನಾ ಫೋನ್ ಮಾಡ್ತೀನಿ. ಹೆಂಗವ ಅಂತ ಹೇಳು" ಎಂದಳು. ಅಷ್ಟೇ ಹೇಳಿದಳು. ಆಮೇಲೆ ಬೇಗ ಒಳಗೆ ಹೋದಳು.

ಮನೆಯಲ್ಲಿ ತೊಟ್ಟಿಯನ್ನು ಬಾಲ್ಕನಿಯ ಕಿಟಕಿಯ ಪಕ್ಕ ಪ್ರತಿಷ್ಠಾಪಿಸಿದೆ. ಗಿಡಕ್ಕೆ ಬಿಸಿಲು ಬೇಕು ಎಂಬುದು ಮೂರನೆಯ ಇಯತ್ತೆಯ ಪಾಠ. ಆಮೇಲೆ ಜರಿಗಿಡದ ಕಡೆ ಗಮನ ಹೋಯಿತು. ಗಿಡವನ್ನು ಕಲ್ಲಿಗೆ ಕಟ್ಟುವುದೆ? ಅದೇನು ಕೈದಿಯೆ? ದಾರ ಕತ್ತರಿಸಿ ಬಿಡುಗಡೆ ಮಾಡಿದೆ. ಹರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಹೂತು, ಮೇಲೆ ಗಟ್ಟಿಯಾಗಿ ಒತ್ತಿದೆ. ನನ್ನ ಹೆಂಡತಿ ಶಾರದಾ ಸೊಪ್ಪು ಸೋಸುತ್ತ ನೋಡುತ್ತಿದ್ದಳು.

"ಭಾವೋರು ಸುಮ್ನ ಕಟ್ಟಿರ್ತಾರೇನ್ರಿ? ಯಾರಿಗ್ಯಾರ ಕೇಳ್ರಿ ಮೊದಲ."

"ಕೇಳೂದೇನದ? ಗಿಡ ಅಂದ್ರ ನೆಲದಾಗ ಇರಬೇಕು" ಎಂದೆ. ಜರಿಗಿಡ ಹತ್ತು ದಿನದಲ್ಲಿ ಬುಡದಿಂದ ಕೊಳೆತು ಸ್ವರ್ಗಸ್ಥವಾಯಿತು. ಅದನ್ನು ಹೂಳಬಾರದಂತೆ. ನಾನು ಹೂತಿದ್ದೆ. ಅದು ಹೂಳಿಸಿಕೊಂಡವರಂತೆ ನಡೆದುಕೊಂಡಿತು.

ಅಷ್ಟರಲ್ಲಿ ಬಿಸಿಲು ತನ್ನ ಕೆಲಸ ಮಾಡಿತು. ಗಾಜಿಗೆ ಪಾಚಿ ಹತ್ತಿತು. ನೀರು ಹಸಿರಾಯಿತು. ದಿನೇ ದಿನೇ ಇನ್ನೂ ಹಸಿರಾಯಿತು. ಕೊನೆಗೆ ಮೀನುಗಳು ಕಾಣದಾದವು.

"ಇದು ಮೀನಿನ ತೊಟ್ಟಿನೋ, ಪಾಲಕ ಪನೀರೋ?" ಎಂದಳು ಶಾರದಾ.

ಅಕ್ಕನ ಫೋನು ದಿನವೂ ಬೆಳಗ್ಗೆ ಏಳಕ್ಕೆ ತಪ್ಪದೆ ಬರುತ್ತಿತ್ತು. "ಹೆಂಗವ ಗಿಡ?" "ಹಸರು ಅಂದ್ರ ಹಸರು ಅಕ್ಕಾ!" ಎಂದೆ ನಾನು. ಇದು ಸುಳ್ಳಲ್ಲ ಎಂದು ನನ್ನ ವಾದ. ಶಾರದಾ ಒಪ್ಪಲಿಲ್ಲ.

ಗಿಡ ಸೊರಗಿದ್ದು ಗೊಬ್ಬರವಿಲ್ಲದೆ ಎಂದು ನಾನು ತೀರ್ಮಾನಿಸಿದೆ. ನಮ್ಮ ಕಾರ್ಖಾನೆಯಲ್ಲಿ ದಿಂಡೋರಿಯಿಂದ ಬರುವ ಒಬ್ಬ ಸಹೋದ್ಯೋಗಿಗೆ ದ್ರಾಕ್ಷಿ ತೋಟವಿದೆ. ಅವನು ಪುಡಿಕೆಯಲ್ಲಿ ಒಂದಿಷ್ಟು ಗೊಬ್ಬರ ತಂದುಕೊಟ್ಟು, "ಎಕರೆಗೆ ಹಾಕುವುದು ಇದು, ತೊಟ್ಟಿಗಲ್ಲ. ಹುಷಾರು" ಎಂದ. ನಾನು ಹುಷಾರಾಗಿಯೇ ಒಂದು ಚಮಚ ಹಾಕಿದೆ! ಅರ್ಧ ಗಂಟೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಶಾರದಾ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಬಿಟ್ಟು ಓಡಿಬಂದು, ಚಹಾ ಸೋಸುವ ಜರಡಿಯಿಂದ ಅವನ್ನು ಎತ್ತಿ ಬಕೆಟ್ಟಿಗೆ ಹಾಕಿದಳು. ನಾಲ್ಕು ಉಳಿದವು. ಎರಡು ಉಳಿಯಲಿಲ್ಲ. ಭಾವ ಜತನವಾಗಿ ಸಾಕಿದ ಮೀನುಗಳು ಸತ್ತ ಆ ನೀರನ್ನು ನಾನು ಬಾತ್‌ರೂಮಿಗೆ ಚೆಲ್ಲಿದೆ. ಅವತ್ತು ನನಗೆ ಊಟ ಸೇರಲಿಲ್ಲ.

ಹೊಸ ನೀರು ತುಂಬಿದ ಮಾರನೆಯ ದಿನ ಕ್ರಿಪ್ಟ್ ಗಿಡಗಳ ಎಲೆಗಳು ಕರಗಿದವು. ಬಾಡಿದವು ಎನ್ನುತ್ತಿಲ್ಲ, ಕರಗಿದವು! ಮುಟ್ಟಿದರೆ ಲೋಳೆ. ಮೂರು ಗಿಡವೂ ಎರಡು ದಿನದಲ್ಲಿ ಬೋಳಾದವು. ಸತ್ತ ಗಿಡ ನೀರು ಕೆಡಿಸುತ್ತದೆಂದು ಬೇರು ಸಮೇತ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಮಾರನೆಯ ಬೆಳಗ್ಗೆ ಒಂದು ಲೋಳೆ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮೀನಿನಂಗಡಿಗೆ ಹೋದೆ. ಅಂಗಡಿಯವನು ಎಲೆಯನ್ನು ನೋಡಿ, ನನ್ನನ್ನು ನೋಡಿ, ಮರಾಠಿಯಲ್ಲಿ ಕೇಳಿದ.

"ಕಾಕಾ, ಮುಳಂ ಕುಠಂ ಆಹೇತ?"

ಬೇರುಗಳು ಎಲ್ಲಿ ಎಂದು ಅವನ ಪ್ರಶ್ನೆ. ಈ ಜಾತಿಯ ಗಿಡ ಜಾಗ ಬದಲಾದರೆ, ನೀರು ಬದಲಾದರೆ, ಇದ್ದ ಎಲೆಯನ್ನೆಲ್ಲ ಕರಗಿಸಿಬಿಡುತ್ತದಂತೆ. ಬೇರು ಮಾತ್ರ ಜೀವ ಹಿಡಿದಿರುತ್ತದೆ. ಮುಟ್ಟದೆ ಬಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. "ಸುಮ್ಮನಿರುವುದೊಂದೇ ಔಷಧ" ಎಂದ ಅವನು.

ಅಲ್ಲೇ ನಿಂತು ಮನೆಗೆ ಫೋನು ಮಾಡಿದೆ. "ಶಾರದಾ, ಕಸ ಕೊಡಬ್ಯಾಡ!"

"ಈಗ ಕೊಟ್ಟೆನಲ್ರಿ. ಘಂಟಾಗಾಡಿ ತಿರುವಿನಾಗ ಅದ."

ನಮ್ಮ ಊರಿನ ಕಸದ ಗಾಡಿಗೆ ಘಂಟಾಗಾಡಿ ಎನ್ನುತ್ತಾರೆ. ಸ್ಕೂಟರ್ ಹತ್ತಿ ಅದರ ಬೆನ್ನು ಹತ್ತಿದೆ. ಮೂರು ಗಲ್ಲಿ ಸುತ್ತಿ, ಒಂದು ತರಕಾರಿ ಗಾಡಿಗೆ ತಾಗಿಸಿ, ಬೈಸಿಕೊಂಡು, ಕೊನೆಗೆ ನಾಲ್ಕನೆಯ ಗಲ್ಲಿಯಲ್ಲಿ ಅಡ್ಡ ನಿಲ್ಲಿಸಿದೆ. ಗಾಡಿಯವನು ಇಳಿದು, ಏನು ಕಳೆದಿದೆ, ಬಂಗಾರವೇ ಎಂದು ಕೇಳಿದ. ನಾನು ಏದುಸಿರು ಬಿಡುತ್ತ ಮರಾಠಿಯಲ್ಲಿ, ನಮ್ಮ ಭಾವನ ಬೇರುಗಳನ್ನು ತಪ್ಪಿ ಕಸಕ್ಕೆ ಹಾಕಿದೆ ಎಂದು ಕೂಗಿದೆ.

ಇಲ್ಲೊಂದು ತೊಡಕಿದೆ. ಮರಾಠಿಯಲ್ಲಿ ಮುಳಂ ಎಂದರೆ ಬೇರುಗಳು. ಮುಲಂ ಎಂದರೆ ಮಕ್ಕಳು. ಗಾಡಿಯ ಬೆನ್ನು ಹತ್ತಿ ಬಂದ ಸುಸ್ತಿಗೆ ನನ್ನ ನಾಲಿಗೆ ಯಾವುದನ್ನು ಆರಿಸಿಕೊಂಡಿತೆಂದು ಬೇರೆ ಹೇಳಬೇಕೆ? ಬಕೆಟ್ ಹಿಡಿದು ನಿಂತಿದ್ದ ಒಬ್ಬ ಹೆಂಗಸು "ಅಗ ಬಾಈ!" ಎಂದು ಕಿರಿಚಿದಳು. ಬಾಲ್ಕನಿಗಳಲ್ಲಿ ಜನ ತುಂಬಿದರು. "ಎಷ್ಟು ಮಕ್ಕಳು?" ಎಂದು ಮೇಲಿನಿಂದ ಯಾರೋ ಕೇಳಿದರು. ಬೇರುಗಳೆಷ್ಟು ಎಂದು ಕೇಳಿದರೆಂದುಕೊಂಡು ನಾನು "ಮೂರು!" ಎಂದೆ.

ವಿಷಯ ತಿಳಿಯಾಗಲು ಹತ್ತು ನಿಮಿಷ ಹಿಡಿಯಿತು. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಗಲು ನೋಡಿದೆ. ನಮ್ಮ ಭಾವನಿಗೆ ಮಕ್ಕಳಿರಲಿಲ್ಲ, ಇದ್ದದ್ದೆಲ್ಲ ಈ ಗಾಡಿಯಲ್ಲೇ ಹೋಗುತ್ತಿದೆ ಎಂದು ಆ ನಡುಬೀದಿಯಲ್ಲಿ ಯಾರಿಗೆ ಹೇಳಲಿ?

ಗಾಡಿಯವನು ಒಳ್ಳೆಯವನು. ಕೋಲಿನಿಂದ ಕಸವನ್ನು ಕೆದರಿ ಕೆದರಿ, ಬೇರಿನ ಒಂದು ಕಂತೆಯನ್ನು ಎತ್ತಿ ತೋರಿಸಿ, "ಹೀಚ ಕಾ?" ಎಂದ. ಇದೇನಾ ಎಂದು ಅಷ್ಟು ಪ್ರೀತಿಯಿಂದ ಕೇಳಿದಾಗ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಕೈಮುಗಿದು ತೆಗೆದುಕೊಂಡು ಮನೆಗೆ ತಂದು, ತೊಳೆದು, ಹರಳಿನಲ್ಲಿ ನೆಟ್ಟೆ.

"ಅದು ನಾ ನಿನ್ನೆ ಹೆಚ್ಚಿದ ಕೊತ್ತಂಬರಿದು" ಎಂದಳು ಶಾರದಾ.

ಅಷ್ಟರಲ್ಲೇ ಫೋನು ಬಂತು. ಅವತ್ತು ಅಕ್ಕ ತಡವಾಗಿ ಎದ್ದಿದ್ದಳಂತೆ. ದನಿ ನೆಲ ಕಚ್ಚಿತ್ತು. "ಹೆಂಗವ ಗಿಡ?" ನಾನು ಕೊತ್ತಂಬರಿಯ ಬೇರನ್ನು ನೋಡಿದೆ. "ಒಂದು ಹೊಸ ಎಲಿ ಬಂದದ ಅಕ್ಕಾ" ಎಂದೆ.

ಅಕ್ಕ, "ಖರೇನೋ? ಯಾವ ಗಿಡಕ್ಕ?" ಎಂದಳು. ಆ ದನಿಯಲ್ಲಿ ತಿಂಗಳುಗಟ್ಟಲೆ ಇಲ್ಲದ ಏನೋ ಇತ್ತು. "ನಡುವಿನದಕ್ಕ" ಎಂದೆ.

ಅಲ್ಲಿಂದ ನನ್ನ ನಿಜವಾದ ಬೇಸಾಯ ಶುರುವಾಯಿತು. ತೊಟ್ಟಿಯಲ್ಲಿ ಒಂದೂ ಗಿಡವಿಲ್ಲ, ಫೋನಿನಲ್ಲಿ ಹುಲುಸಾದ ಬೆಳೆ! ಸೋಮವಾರ ಒಂದು ಎಲೆ, ಬುಧವಾರ ಎರಡು, ಶನಿವಾರ ಪಕ್ಕದಲ್ಲಿ ಒಂದು ಮರಿ. ಅಕ್ಕ ಉದ್ದಗಲ ಕೇಳುವಳು, ಬಣ್ಣ ಕೇಳುವಳು. ನಾನು ಹಿಂದುಮುಂದು ನೋಡದೆ ಹೇಳುವೆನು. ಶಾರದಾ ರೊಟ್ಟಿ ಬಡಿಯುತ್ತ, "ಇವತ್ತೆಷ್ಟು ಬಂದ್ವರಿ?" ಎಂದು ಕೇಳುತ್ತಿದ್ದಳು. ಮೊದಮೊದಲು ನಗುತ್ತ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಒಂದು ದಿನ ಅಕ್ಕ ಹೇಳಿದಳು: "ಈ ಐತವಾರ ಬರ್ತೀನಿ ಮಲ್ಲು. ಒಮ್ಮೆ ನೋಡಬೇಕನಸ್ತದ."

ಭಾವ ಹೋದ ಮೇಲೆ ಅಕ್ಕ ಗೇಟು ದಾಟಿರಲಿಲ್ಲ. ಕಿರಾಣಿಯನ್ನೂ ಪಕ್ಕದವರೇ ತಂದುಕೊಡುತ್ತಿದ್ದರು. ಶಾರದಾ ನನ್ನ ಎದುರು ಬಂದು ಕೂತಳು.

"ಈಗ ಹೇಳ್ಬಿಡ್ರಿ. ಇನ್ನೂ ಟೈಮ್ ಅದ."

"ಮೊದಲನೇ ಸಲ ಹೊರಗ ಹೊಂಟಾಳ. ಬರಬ್ಯಾಡ ಅಂತ ಹ್ಯಾಂಗ ಹೇಳ್ಲಿ?"

"ಬರಬ್ಯಾಡ ಅಂತಲ್ರಿ, ಖರೇ ಹೇಳ್ರಿ."

ನಾನು ಖರೆ ಹೇಳಲಿಲ್ಲ. ಮಾರ್ಕೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಗಿಡಗಳನ್ನು ತಂದೆ. ಫೋನಿನಲ್ಲಿ ಬೆಳೆಸಿದ ಎಲೆಗಳಿಗೆ ಸರಿಹೊಂದಬೇಕಲ್ಲ, ಸಾಕಷ್ಟು ತರಬೇಕಾಯಿತು!

ಭಾನುವಾರ ಮಧ್ಯಾಹ್ನ ಅಕ್ಕ ಬಸ್ಸಿಳಿದು ಬಂದಳು. ಬಹಳ ಇಳಿದುಹೋಗಿದ್ದಳು. ಕೈಕಾಲು ತೊಳೆದು ನೇರವಾಗಿ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಬೆನ್ನು ಮಾಡಿ ಅಲ್ಲ, ಮುಖ ಮಾಡಿ.

"ಇಷ್ಟು ಆಗ್ಯಾವಲ್ಲೋ! ಅವರಿದ್ದಾಗನೂ ಇಷ್ಟಿದ್ದಿಲ್ಲ."

ಅವಳ ಕಣ್ಣಿನ ನಂಬರು ಹೆಚ್ಚಾಗಿತ್ತೋ, ಕಣ್ಣೇ ತುಂಬಿತ್ತೋ ತಿಳಿಯದು. ಊಟಕ್ಕೆ ಕೂತಾಗ ಎರಡು ಜೋಳದ ರೊಟ್ಟಿ ತಿಂದಳು. ಮತ್ತೆ ಅರ್ಧ ಹಾಕಿಸಿಕೊಂಡಳು. ನಾನು ಹೆಮ್ಮೆಯಿಂದ ಶಾರದಾಳನ್ನು ನೋಡಿದೆ. ಆ ಹೊತ್ತಿನಲ್ಲಿ ನನಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಚಹಾ ಕುಡಿದ ಮೇಲೆ ಅಕ್ಕ ಹೇಳಿದಳು: "ನಡುವಿನ ಗಿಡಕ್ಕ ಮರಿ ಬಂದದ ಅಂದಿದ್ದೆಲ್ಲ, ಅದೊಂದು ಕಿತ್ತು ಕೊಡು. ಗಾಜಿನ ಬರಣ್ಯಾಗ ಇಟ್ಕೋತೀನಿ. ಈಗ ನೋಡಬಲ್ಲೆ ಅನಸ್ತದ."

ನಾನು ಚಹಾ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದೆ. "ಇವತ್ತು ಅಮಾಸಿ ಅಕ್ಕಾ. ಕೀಳಬಾರದು."

"ಅಮಾಸಿ ಹೋಗಿ ಆರು ದಿನ ಆತು."

"ಬಸ್ಸಿನಾಗ ತಡೀದಿಲ್ಲ ಅದು."

"ಇಲ್ಲಿ ತನಾ ನೀ ತಂದಿಲ್ಲೇನು?"

"ಮುಂದಿನ ವಾರ ನಾನೇ ತರ್ತೀನಿ..."

"ನಿನಗ್ಯಾಕ ತ್ರಾಸು, ನಾನೇ ತಕ್ಕೋತೀನಿ ತಡಿ" ಎಂದು ಅಕ್ಕ ಎದ್ದಳು. ಬಳೆ ಹಿಂದಕ್ಕೆ ಸರಿಸಿ, ನೀರಿಗೆ ಕೈ ಇಳಿಸಿದಳು. ಮದುವೆಯಾದ ಮೇಲೆ ಒಂದು ಸಲವೂ ಆ ತೊಟ್ಟಿಯೊಳಗೆ ಕೈ ಹಾಕದವಳು! ಮೆಲ್ಲಗೆ, ಗಿಡಕ್ಕೆ ನೋವಾಗದ ಹಾಗೆ, ಬುಡ ಹಿಡಿದು ಎತ್ತಿದಳು.

ಗಿಡ ಬಂತು. ಬೇರಿನ ಜಾಗದಲ್ಲಿ ದುಂಡನೆಯ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಇತ್ತು. ಬಿಲ್ಲೆಗೆ ಅಂಟಿಸಿದ ಚೀಟಿ ಇನ್ನೂ ಹಾಗೆಯೇ ಇತ್ತು. ಬಣ್ಣ ಹೋಗುವುದಿಲ್ಲ ಎಂದು ಅದರಲ್ಲಿ ಗ್ಯಾರಂಟಿ ಕೊಟ್ಟಿದ್ದರು.

ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಶಾರದಾ ಟವೆಲ್ ತಂದು ಪಕ್ಕದಲ್ಲಿ ನಿಂತಳು. ನಾನು ಎಲ್ಲವನ್ನೂ ಹೇಳಿದೆ. ರಾಡಿ, ಬಿಸಿಲು, ಗೊಬ್ಬರ, ಘಂಟಾಗಾಡಿ, ಎಲ್ಲ. ನಗು ಬರಲೆಂದು ಮುಲಂ-ಮುಳಂ ಕಥೆಯನ್ನೂ ಹೇಳಿದೆ. ಯಾರೂ ನಗಲಿಲ್ಲ.

"ಗಿಡ ಸತ್ತದ್ದಕ್ಕ ನಾ ಏನೂ ಅನ್ನೂದಿಲ್ಲ" ಎಂದಳು ಅಕ್ಕ. "ಆದ್ರ ನೀ ಹೊಸ ಎಲಿ ಬಂತು ಅಂದಾಗೆಲ್ಲ ನಾ ಅವರ ಫೋಟೋ ಮುಂದ ನಿಂತು ಹೇಳ್ತಿದ್ದೆ. ನಡುವಿನದಕ್ಕ ಬಂದದ ನೋಡ್ರಿ, ಮರಿ ಹಾಕ್ಯದ ನೋಡ್ರಿ ಅಂತ. ನನಗ ಸುಳ್ಳ ಹೇಳಿದ್ದು ಇರ್ಲಿ. ನನ್ನ ಬಾಯಿಲೆ ಅವರಿಗೂ ಸುಳ್ಳ ಹೇಳಿಸಿದೆಲ್ಲೋ ಮಲ್ಲು."

ನಾನು ಶಾರದಾಳ ಕೈಯಿಂದ ಟವೆಲ್ ಇಸಿದುಕೊಂಡು ನೆಲ ಒರೆಸಿದೆ. ಸ್ಟೋರಿನಲ್ಲಿ ಯಾವ ಸಾಮಾನು ಕೇಳಿದರೂ ಎರಡು ನಿಮಿಷದಲ್ಲಿ ತೆಗೆದುಕೊಡುವ ಮನುಷ್ಯ ನಾನು!

ಅಕ್ಕ ಮಾರನೆಯ ಬೆಳಗಿನ ಬಸ್ಸಿಗೆ ಹೋದಳು. ಸ್ಟ್ಯಾಂಡಿನವರೆಗೆ ಹೋಗಿ ಚೀಲ ಕೊಟ್ಟೆ. ತಗೊಂಡು ಬಸ್ಸು ಹತ್ತಿದಳು. ಮಾರನೆಯ ದಿನ ಏಳಕ್ಕೆ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಶಾರದಾ ಮಾಡಿದರೆ ಎತ್ತಿ, ಎರಡು ಮಾತಾಡಿ ಇಡುತ್ತಿದ್ದಳು. ಊಟ ಮಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಶಾರದಾಳ ಮುಖ ನೋಡಿ ತಿಳಿಯಬೇಕಾಗಿತ್ತು. ಪ್ಲಾಸ್ಟಿಕ್ ಗಿಡಗಳನ್ನೆಲ್ಲ ಕಿತ್ತು ಕಟ್ಟಿಟ್ಟೆ. ಖಾಲಿ ತೊಟ್ಟಿಯಲ್ಲಿ ನಾಲ್ಕು ಮೀನು ಈಜುತ್ತಿದ್ದವು. ಬಾಗಿಲು ಮುಚ್ಚಿಕೊಂಡು ಒಮ್ಮೆ ಅವುಗಳ ಮುಂದೆ ಕೂತು ಅತ್ತೆ. ಭಾವ ತೀರಿಕೊಂಡಾಗ ಓಡಾಟದಲ್ಲಿ ಅಳಲು ಪುರಸೊತ್ತಾಗಿರಲಿಲ್ಲ.

ಮೂರು ವಾರ ಕಳೆದ ಮೇಲೆ ನನ್ನ ಫೋನಿಗೇ ಕರೆ ಬಂತು. "ತೊಟ್ಟಿ ತಂದು ಇಲ್ಲಿ ಇಡು" ಎಂದಷ್ಟೇ ಹೇಳಿ ಅಕ್ಕ ಇಟ್ಟಳು.

ಅದೇ ವಾರ ಒಯ್ದೆ. ಅಕ್ಕ ತಾನೇ ಅಂಗಡಿಗೆ ಹೋಗಿ, ಒಂದು ಗಂಟೆ ನಿಂತು, ಕೇಳಿ ತಿಳಿದುಕೊಂಡು ಮೂರು ಕ್ರಿಪ್ಟ್ ಗಿಡ ತಂದಿಟ್ಟಿದ್ದಳು. ನಾನು ಹರಳು ತೊಳೆಯಲು ಎದ್ದೆ. "ಕೂಡು ಅಲ್ಲೇ" ಎಂದಳು. ಕೂತೆ. ಎಲ್ಲವನ್ನೂ ಅವಳೇ ಮಾಡಿದಳು.

ತಿಂಗಳ ನಂತರ ಮತ್ತೆ ಹೋದೆ. ಹೊಲಿಗೆ ಮೆಷಿನ್ನು ತೊಟ್ಟಿಯ ಕಡೆ ತಿರುಗಿತ್ತು. ಆದರೆ ತೊಟ್ಟಿಯಲ್ಲಿ ಎಲೆಗಳಿರಲಿಲ್ಲ. ಮೂರೂ ಗಿಡ ಕರಗಿ, ಹರಳಿನಲ್ಲಿ ಮೂರು ಮೋಟು ಮಾತ್ರ ಉಳಿದಿದ್ದವು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಎಲಿ ಏನರ ಬಂದಾವೇನಕ್ಕಾ?" ಎಂದೆ.

ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು. "ಖರೇ ಹೇಳಲೋ? ನಿನ್ನಂಗ ಹೇಳಲೋ?"

"ಖರೇ ಹೇಳು."

"ಒಂದೂ ಬಂದಿಲ್ಲ. ನೋಡೂಣು, ಬಂದ್ರ ಬರ್ತಾವ, ಇಲ್ಲಂದ್ರ ಇಲ್ಲ." ದಾರ ಪೋಣಿಸಿ ಗಂಟು ಹಾಕಿದಳು. "ಅವರಿಗೂ ಹಂಗೇ ಹೇಳೀನಿ."

ನನ್ನನ್ನು ಕ್ಷಮಿಸಿದಳೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ. ಏನಾದರೂ ಕೆಲಸ ಇದ್ದರೆ ಹೇಳು ಎಂದೆ. ಒಂದು ಹಳೆಯ ಬನಿಯನ್ ತುಂಡು ನನ್ನ ಕೈಗೆ ಕೊಟ್ಟಳು.

"ಹೊರಗಿನ ಗಾಜು ಒರಸು. ಹೊರಗಿಂದಷ್ಟೇ."

ನಾನು ಮೊಣಕಾಲೂರಿ ಕೂತು, ಉಸಿರು ಬಿಗಿಹಿಡಿದು, ಹೊರಗಿನ ಗಾಜನ್ನು ಒರೆಸಿದೆ. ಅಕ್ಕ ಎದ್ದು ಬಂದು ನೋಡಿದಳು. ಬರೀ ಒರೆಸಿದ ಗೆರೆಗಳು ಉಳಿದಿದ್ದವು. ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅವಳೇ ಒರೆಸಿದಳು!